ಉಪ್ಪು ಬಿದ್ದ ಹಂಡೆ

ಹಬ್ಬದ ದಿನ ಯಾರಾದರೂ ಬಟ್ಟಲಲ್ಲಿ ಮಾಂಸ ಕಳಿಸಿದರೆ ಲಿಂಗ್‌ಶು ಅದನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದಳು. ನೀರು ಚೆಲ್ಲಿ ಮತ್ತೆ ತೊಳೆದು, ಮಸಾಲೆಯ ಬಣ್ಣವೆಲ್ಲ ಬಿಟ್ಟು ಮಾಂಸ ಬಿಳಿಚಿಕೊಂಡ ಮೇಲೆ ತಿನ್ನುತ್ತಿದ್ದಳು. ಪೀಕಿಂಗಿನ ಪಶ್ಚಿಮ ಪೇಟೆಯ ನಮ್ಮ ಓಣಿಯಲ್ಲಿ ಇದೊಂದು ತಮಾಷೆಯಾಗಿತ್ತು. ಅಜ್ಜಿ ಮಾಂಸಕ್ಕೆ ಎಣ್ಣೆನೀರು ಹಾಕುತ್ತಿದ್ದಾರೆ ಎಂದು ಹೆಂಗಸರು ನಗುತ್ತಿದ್ದರು. ಕಾರಣವನ್ನು ಅವಳು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ ಓಣಿಯವರು ಆ ತಮಾಷೆಯನ್ನು ಬಿಟ್ಟರು.

ಅವಳು ಹಳದಿ ಬಾವುಟದ ಸೈನ್ಯಪಂಗಡಕ್ಕೆ ಸೇರಿದ ಮಂಚು ಮನೆತನದ ಹುಡುಗಿ. ಅಪ್ಪನಿಗೆ ಕುದುರೆ ಲಾಯದಲ್ಲಿ ಕೆಲಸ. ಹತ್ತೊಂಬತ್ತಕ್ಕೆ ಅವಳನ್ನು ಸಾಕ್ದಾ ಮನೆಗೆ ಕೊಟ್ಟರು. ಗಂಡ ತೆಶೂನ್ ಅರಮನೆಯ ಒಳಪಹರೆಯವನು. ಎತ್ತರದ ಆಳು, ಮಾತು ಕಡಿಮೆ, ಊಟದ ಆಸೆ ಜಾಸ್ತಿ. ಆದರೆ ಸಾಕ್ದಾ ಮನೆಗೆ ಹೆಸರು ಬಂದದ್ದು ಗಂಡಸರಿಂದಲ್ಲ. ಆ ಮನೆಯ ಸೊಸೆಯಂದಿರು ತಲೆತಲಾಂತರದಿಂದ ಅರಮನೆಯ ದೇವರ ಮನೆಯಲ್ಲಿ ಹಾಡುವವರು. ಮಗಳಾದರೆ ಬೇರೆ ಮನೆಗೆ ಹೋಗುತ್ತಾಳೆ. ಹಾಗಾಗಿ ಹಾಡು ಅತ್ತೆಯಿಂದ ಸೊಸೆಗೇ ಇಳಿಯಬೇಕು. ಪಹರೆಯವರು ಅವರನ್ನು ಹಾಡಮ್ಮ ಎಂದೇ ಕರೆಯುತ್ತಿದ್ದರು.

ಹಾಡಮ್ಮನ ದಿನ ಬೆಳಕು ಹರಿಯುವ ಮೊದಲೇ ಶುರು. ಹೇಸರಗತ್ತೆಯ ಗಾಡಿಯಲ್ಲಿ ಕೂತು ಪೂರ್ವದ ಬಾಗಿಲಿನಿಂದ ಒಳಗೆ ಹೋಗಬೇಕು. ಮೈಮೇಲೆ ದೇವರ ನಿಲುವಂಗಿ, ಸೊಂಟಕ್ಕೆ ಕಂಚಿನ ಗಂಟೆಗಳ ಪಟ್ಟಿ, ಕೈಯಲ್ಲಿ ಚರ್ಮದ ತಮಟೆ. ಹಾಡು ಹಳೆಯ ಕಾಡಿನ ಭಾಷೆಯದು. ಅದರ ಅರ್ಥ ಅತ್ತೆಗೂ ಗೊತ್ತಿರಲಿಲ್ಲ, ಅತ್ತೆಯ ಅತ್ತೆಗೂ ಗೊತ್ತಿರಲಿಲ್ಲ. ದೇವರಿಗೆ ಗೊತ್ತಿದ್ದರೆ ಸಾಕು ಎಂದು ಬಿಟ್ಟಿದ್ದರು. ಒಂದೇ ಒಂದು ಬಿಳಿ ಕೂದಲೂ ಇಲ್ಲದ ಕಪ್ಪು ಹಂದಿಯನ್ನು ಒಳಗೆ ತರುತ್ತಾರೆ. ಅದರ ಕಿವಿಗೆ ಬೆಚ್ಚಗಿನ ಮದ್ಯ ಹೊಯ್ಯುತ್ತಾರೆ. ಹಂದಿ ಕಿವಿ ಕೊಡವಿದರೆ ದೇವರು ಒಪ್ಪಿಕೊಂಡಂತೆ. ಅಲ್ಲೇ, ದೇವರ ಎದುರಿಗೇ, ಕೊಯ್ಯುವ ಹೆಂಗಸರು ಅದನ್ನು ಮುಗಿಸುತ್ತಾರೆ. ಕೋಣೆಯ ಒಂದು ಮೂಲೆಯಲ್ಲಿ ಒಲೆಗೆ ಕೂರಿಸಿದ ದೊಡ್ಡ ಕಬ್ಬಿಣದ ಹಂಡೆ ಇದೆ. ಮಾಂಸ ಅದರಲ್ಲಿ ಬೇಯುತ್ತದೆ, ಬರೀ ನೀರಿನಲ್ಲಿ.

ಉಪ್ಪಿಲ್ಲ. ಶುಂಠಿಯಿಲ್ಲ, ಬೆಳ್ಳುಳ್ಳಿಯಿಲ್ಲ. ಈ ರಾಜವಂಶದ ಹಿರಿಯರು ಈಶಾನ್ಯದ ಕಾಡುಗಳಲ್ಲಿ ಬೇಟೆಯಾಡಿಕೊಂಡಿದ್ದಾಗ ಅವರ ಬಳಿ ಉಪ್ಪಿರಲಿಲ್ಲ. ಅವರ ದೇವರುಗಳಿಗೂ ಉಪ್ಪಿನ ರುಚಿ ಗೊತ್ತಿರಲಿಲ್ಲ. ಮೊದಲ ತುಂಡುಗಳು ದೇವರಿಗೆ. ಉಳಿದದ್ದನ್ನು ಪಾಳಿಯಲ್ಲಿದ್ದ ಪಹರೆಯವರು, ಅಧಿಕಾರಿಗಳು ಅಲ್ಲೇ ನೆಲದ ಮೇಲೆ ಸಾಲಾಗಿ ಕೂತು ತಮ್ಮ ಸೊಂಟದ ಕತ್ತಿಯಿಂದ ಕೊಯ್ದು ತಿನ್ನಬೇಕು. ಒಂದು ಚೂರೂ ಹೊಸ್ತಿಲು ದಾಟುವಂತಿಲ್ಲ. ಒಂದು ಚೂರೂ ಉಳಿಯುವಂತಿಲ್ಲ. ಅಂಗೈ ದಪ್ಪದ ಕೊಬ್ಬು, ಅರೆಬೆಂದ ಚರ್ಮ, ಅಲ್ಲಲ್ಲಿ ಬೋಳಿಸದೆ ಬಿಟ್ಟ ಕೂದಲು. ಮುಖ ಸಿಂಡರಿಸಿದವನು ದೇವರನ್ನು ಅವಮಾನಿಸಿದಂತೆ. ಓಕರಿಸಿದವನ ಗತಿಯ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಅತ್ತೆಯ ಗಂಟಲು ಕಟ್ಟಿಹೋಗಿ ಹಾಡು ಕೈಬಿಟ್ಟ ವರ್ಷ ಗಂಟೆಗಳ ಪಟ್ಟಿಯನ್ನು ಸೊಸೆಯ ಸೊಂಟಕ್ಕೆ ತಾನೇ ಬಿಗಿದಳು. ಆಗ ಒಂದು ಮಾತು ಹೇಳಿದಳು.

"ಹಾಡಲ್ಲಿ ಒಂದು ಸಾಲು ತಪ್ಪಿದ್ರೆ ದೇವರು ಕ್ಷಮಿಸ್ತಾರೆ ಕಣೇ. ಅವರಿಗೂ ವಯಸ್ಸಾಗಿದೆ, ಕಿವಿ ಮಂದ. ಹಂಡೆಗೆ ಒಂದು ಹರಳು ಉಪ್ಪು ಬಿದ್ರೆ ಮಾತ್ರ ನಮ್ಮನೆ ಉಳಿಯಲ್ಲ."

ಲಿಂಗ್‌ಶು ಇದನ್ನು ಅಕ್ಷರಶಃ ತೆಗೆದುಕೊಂಡಳು. ಸರದಿಯ ಹಿಂದಿನ ಸಂಜೆಯಿಂದ ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ. ದೇವರ ಮನೆಯ ಹೊಸ್ತಿಲ ಹೊರಗೆ ನಿಂತು ತೋಳುಗಳನ್ನು ಕೊಡವಿಯೇ ಒಳಗೆ ಕಾಲಿಡುತ್ತಿದ್ದಳು. ಬೇಸಿಗೆಯಲ್ಲಿ ಹಣೆಯ ಬೆವರು ಹಂಡೆಗೆ ಬೀಳದಿರಲೆಂದು ಹುಬ್ಬಿನ ಮೇಲೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಅವಳ ಮೊದಲ ಕೂಸು ಸಿಡುಬಿನಿಂದ ಸತ್ತ ವಾರವೂ ಸರದಿ ತಪ್ಪಿಸುವಂತಿರಲಿಲ್ಲ. ಆ ದಿನಗಳಲ್ಲಿ ಅವಳು ಹಂಡೆಯಿಂದ ದೂರ, ಗೋಡೆಗೆ ಮುಖ ಮಾಡಿ ನಿಂತು, ತೋಳಿನ ಬಟ್ಟೆಯನ್ನು ಕಣ್ಣಿಗೆ ಒತ್ತಿ ಹಿಡಿದು, ಅದು ಪೂರ್ತಿ ಒಣಗಿದ ಮೇಲಷ್ಟೇ ಸೌಟು ಹಿಡಿಯಲು ಬರುತ್ತಿದ್ದಳು. ಕಣ್ಣೀರು ಉಪ್ಪು.

ಇಷ್ಟು ಕಷ್ಟಪಟ್ಟು ಕಾದ ಮಾಂಸವನ್ನು ಪಹರೆಯವರು ಗೊಣಗದೆ ತಿನ್ನುವುದನ್ನು ನೋಡಿದಾಗ ಅವಳಿಗೆ ಹೆಮ್ಮೆಯಾಗುತ್ತಿತ್ತು. ಅವರು ತಿನ್ನುವ ಮೊದಲು ತೋಳಿನಿಂದ ಮಡಿಸಿದ ಕಂದು ಕಾಗದವೊಂದನ್ನು ತೆಗೆದು ಕತ್ತಿ ಒರೆಸಿಕೊಳ್ಳುತ್ತಿದ್ದರು. ಬಟ್ಟಲನ್ನೂ ಒರೆಸುತ್ತಿದ್ದರು. ಕೆಲವರು ಕಾಗದವನ್ನು ಬಟ್ಟಲಲ್ಲೇ ಬಿಟ್ಟು ಮೇಲೆ ಬಿಸಿ ಸಾರು ಹಾಕಿಸಿಕೊಳ್ಳುತ್ತಿದ್ದರು. ನಿಮ್ಮ ಪಹರೆಯವರು ಎಷ್ಟು ಶುಚಿಯಪ್ಪ ಎಂದು ಅವಳು ಒಮ್ಮೆ ಗಂಡನಿಗೆ ಹೇಳಿದ್ದಳು. ತೆಶೂನ್‌ಗೆ ಚಹಾ ನೆತ್ತಿಗೆ ಹತ್ತಿ ಬಹಳ ಹೊತ್ತು ಕೆಮ್ಮಿದ.

ಚಕ್ರವರ್ತಿ ಇನ್ನೂ ಹಾಲುಹಲ್ಲಿನ ಮಗುವಾಗಿದ್ದ ಕಾಲ ಅದು. ಆ ವಸಂತದಲ್ಲಿ ಆಕಾಶದಲ್ಲಿ ಬಾಲಚುಕ್ಕಿ ಕಾಣಿಸಿಕೊಂಡಿತು. ಪೇಟೆಯವರು ಗೋಡೆ ಹತ್ತಿ ನೋಡಿದರು, ನೋಡಿ ಬಾಗಿಲು ಹಾಕಿಕೊಂಡರು. ರಾಜ್ಯ ಬೀಳುತ್ತದೆ ಎಂದು ಚಹಾ ಅಂಗಡಿಗಳಲ್ಲಿ ಗಟ್ಟಿಯಾಗಿಯೇ ಮಾತಾಡುತ್ತಿದ್ದರು. ಅರಮನೆಯ ಒಳಗೆ ಬೇರೆ ವಿವರಣೆ ಹುಟ್ಟಿತು: ಹಿರಿಯರ ಪೂಜೆಯಲ್ಲಿ ಎಲ್ಲೋ ಅಪಚಾರವಾಗಿದೆ. ದೇವರ ಮನೆಯ ಶುದ್ಧಿ ನೋಡಲು ಜಾಲಫುನ್ ಎಂಬ ಹಿರಿಯ ಅಧಿಕಾರಿಯನ್ನು ನೇಮಿಸಿದರು. ಅರವತ್ತು ದಾಟಿದ, ತೆಳ್ಳಗಿನ, ಸದಾ ಹೊಟ್ಟೆನೋವಿನ ಮುಖದ ಮನುಷ್ಯ. ತಪ್ಪು ಕಂಡಲ್ಲಿ ಕರುಣೆ ತೋರಿದವನಲ್ಲ ಎಂಬ ಹೆಸರಿತ್ತು. ಅಡುಗೆಮನೆಯವನೊಬ್ಬ ದೇವರ ಕೊಬ್ಬಿನಲ್ಲಿ ಸ್ವಲ್ಪ ಮನೆಗೆ ಒಯ್ದನೆಂದು ಅವನನ್ನು ಸಂಸಾರ ಸಮೇತ ಗಡಿಗೆ ಅಟ್ಟಿಸಿದ್ದ.

ಒಂದು ಬೆಳಿಗ್ಗೆ ಜಾಲಫುನ್ ಮುಂಚೆ ತಿಳಿಸದೆ ಬಂದ. ಲಿಂಗ್‌ಶು ಮೊದಲ ಹಾಡು ಮುಗಿಸಿದ್ದಳು. ಹಂದಿ ಕಿವಿ ಕೊಡವಿ ಆಗಿತ್ತು, ಮಾಂಸ ಹಂಡೆಯಲ್ಲಿತ್ತು. ಪಹರೆಯವರು ಸಾಲಾಗಿ ಕೂತಿದ್ದರು. ತೆಶೂನ್ ಹಿಂದಿನ ಸಾಲಿನ ಕೊನೆಯಲ್ಲಿ, ಹಂಡೆಗೆ ಒತ್ತಿಕೊಂಡಂತೆ ಕೂತಿದ್ದ. ಚಳಿಯ ಬೆಳಗಿನಲ್ಲಿ ಅದು ಎಲ್ಲರೂ ಬಯಸುವ ಜಾಗ. ಜಾಲಫುನ್ ಬಾಗಿಲು ಹಾಕಿಸಿದ. ಯಾರೂ ಏಳಬಾರದು, ಮುಂದಿನ ಸಾಲಿನಿಂದ ಒಬ್ಬೊಬ್ಬರ ತೋಳು, ಬೂಟು ಶೋಧಿಸಿ ಎಂದು ತನ್ನ ಆಳುಗಳಿಗೆ ಹೇಳಿದ.

ಸಾಲುಗಳಲ್ಲಿ ಕೈಗಳು ಬೆನ್ನ ಹಿಂದೆ ಚಲಿಸಿದ್ದನ್ನು ಲಿಂಗ್‌ಶು ಕಂಡಳು. ಮುಂದಿನವರು ಹಿಂದಿನವರಿಗೆ, ಹಿಂದಿನವರು ಪಕ್ಕದವರಿಗೆ ಏನನ್ನೋ ಸರಿಸಿದರು. ಕೊನೆಗೆ ಅದೆಲ್ಲ ಬಂದು ನಿಂತದ್ದು ತೆಶೂನ್‌ನ ಕೈಯಲ್ಲಿ. ಅವನ ಮುಷ್ಟಿಯಲ್ಲಿ ಹಿಡಿಸದಷ್ಟು ಕಂದು ಕಾಗದಗಳು.

ಒಲೆಯ ಬಾಯಿ ಅವನ ಮೊಣಕಾಲಿನ ಹತ್ತಿರವೇ ಇತ್ತು. ಬೇರೆ ಯಾವನಾದರೂ ಆಗಿದ್ದರೆ ಬೆಂಕಿಗೆ ಹಾಕಿ ಕೈ ಕೊಡವುತ್ತಿದ್ದ. ತೆಶೂನ್ ಹಾಡಮ್ಮನ ಮಗ. ಒಲೆಯಲ್ಲಿ ದೇವರಿದ್ದಾನೆ, ಅವನು ವರ್ಷದ ಕೊನೆಗೆ ಮೇಲೆ ಹೋಗಿ ಮನೆಯ ಸುದ್ದಿಯೆಲ್ಲ ಒಪ್ಪಿಸುತ್ತಾನೆ, ಎಂಜಲು ಮುಟ್ಟಿದ್ದನ್ನು ಬೆಂಕಿಗೆ ಹಾಕಿದರೆ ಅದನ್ನು ಮೊದಲು ಹೇಳುತ್ತಾನೆ ಎಂದು ತೊಟ್ಟಿಲಲ್ಲೇ ಕೇಳಿ ಬೆಳೆದವನು. ಅವನ ಕೈ ಬೆಂಕಿಯ ಕಡೆಗೆ ಹೋಯಿತು, ನಿಂತಿತು, ಹಿಂದಕ್ಕೆ ಬಂತು. ನೀರಿಗೆ ದೇವರಿಲ್ಲವೆಂದುಕೊಂಡನೋ ಏನೋ, ಮುಷ್ಟಿಯನ್ನು ಹಂಡೆಯ ಮೇಲೆ ಬಿಚ್ಚಿದ.

ಅವಳು ಸೌಟು ಹಿಡಿದು ನಿಂತಿದ್ದಳು. ಎರಡು ಮಾರು ದೂರವೂ ಇರಲಿಲ್ಲ. ತಿಳಿಯಾದ ಸಾರು ನೋಡುತ್ತಿದ್ದಂತೆ ಕಂದು ಬಣ್ಣಕ್ಕೆ ತಿರುಗಿತು. ಮೊದಲು ಒಂದು ಎಳೆ, ಆಮೇಲೆ ಮೋಡ, ಆಮೇಲೆ ಇಡೀ ಹಂಡೆ. ವಾಸನೆ ಅವಳ ಮೂಗಿಗೆ ಬಂತು. ನಮ್ಮ ಊರಿನಲ್ಲಿ ಆ ವಾಸನೆ ಗೊತ್ತಿಲ್ಲದ ಮನೆಯಿಲ್ಲ: ಸೋಯಾದ ಕರಿ ರಸ. ಅಂದರೆ ಉಪ್ಪು.

ಒಂದು ಕಾಗದ ಮೇಲೆ ತೇಲಿ ಬಂತು. ಅವಳು ಯೋಚಿಸದೆ ಸೌಟಿನಿಂದ ಅದನ್ನು ಎತ್ತಿ ತೋಳಿನೊಳಗೆ ಸೇರಿಸಿದಳು. ಸೇರಿಸುವಾಗ ಅಂಚು ಕಂಡಳು. ಅದು ಪೇಟೆಯ ಕಾಗದವಲ್ಲ. ವಸಂತದ ಪೂಜೆಯಲ್ಲಿ ದೇವರ ಕಂಬಕ್ಕೆ ತೂಗುಹಾಕುವ ದಪ್ಪ ಕಾಗದ. ಅಂಚಿಗೆ ಹಲ್ಲು ಹಲ್ಲಾಗಿ ಕತ್ತರಿಸಿದ್ದು, ಪ್ರತಿ ಹಲ್ಲಿನ ತುದಿಯಲ್ಲೂ ಸಣ್ಣದೊಂದು ಕೊಕ್ಕೆ. ಆ ಕೊಕ್ಕೆ ಬರುವುದು ಲೋಕದಲ್ಲಿ ಒಂದೇ ಕತ್ತರಿಯಿಂದ. ಅದರ ಅಲಗು ಅವಳು ಮದುವೆಯಾಗಿ ಬರುವ ಮೊದಲೇ ಮುಕ್ಕಾಗಿತ್ತು. ಅದು ಅತ್ತೆಯ ಕತ್ತರಿ.

ಮೈಯ ಬಿಸಿಯೆಲ್ಲ ಇಳಿದುಹೋಯಿತು ಎಂದು ಅವಳು ನೆನೆಯುತ್ತಿದ್ದಳು. ತೋಳಿನೊಳಗಿನ ಒದ್ದೆ ಕಾಗದ ಮಾತ್ರ ಸುಡುತ್ತಿತ್ತಂತೆ. ಶೋಧ ನಡೆಯುತ್ತಲೇ ಇತ್ತು. ಆಳುಗಳಿಗೆ ಒಬ್ಬ ಪಹರೆಯವನ ಬಳಿಯೂ ಏನೂ ಸಿಗಲಿಲ್ಲ. ಹಂಡೆಯ ಹೊರಗೆ ಇಡೀ ಕೋಣೆಯಲ್ಲಿ ಈಗ ಒಂದೇ ಒಂದು ಕಾಗದ ಉಳಿದಿತ್ತು, ಅದು ಹಾಡಮ್ಮನ ತೋಳಿನಲ್ಲಿ. ಹೆಂಗಸರನ್ನು ಮುಟ್ಟಿ ಶೋಧಿಸುವ ರೂಢಿ ಇಲ್ಲದ್ದರಿಂದ ಅವಳು ಉಳಿದಳು.

ಮಾಂಸ ಹೊರಬಂತು. ಯಾವಾಗಲೂ ಸುಣ್ಣದಂತಿರುತ್ತಿದ್ದ ಕೊಬ್ಬು ಅಂದು ಹಳೆಯ ದಂತದ ಬಣ್ಣಕ್ಕಿತ್ತು. ಕೊಯ್ಯುವ ಹೆಂಗಸು ತಟ್ಟೆ ಹಿಡಿದು ನಿಂತಳು, ಹಾಡಮ್ಮನ ಮುಖ ನೋಡಿದಳು, ದೇವರ ಮುಂದೆ ಇಟ್ಟಳು. ಇನ್ನು ಉಳಿದದ್ದು ಲಿಂಗ್‌ಶುವಿನ ಕೆಲಸ. ಹಾಡಮ್ಮ ಎರಡನೆಯ ಹಾಡು ಹಾಡಿ ತಲೆ ನೆಲಕ್ಕೆ ಮುಟ್ಟಿಸಿದರೆ ನೈವೇದ್ಯ ಸಂದಂತೆ. ನಿಂತೇ ಇದ್ದರೆ ಅಪವಿತ್ರ ಎಂದರ್ಥ. ಅವಳು ನಿಂತರೆ ವಿಚಾರಣೆ. ವಿಚಾರಣೆಯ ಕೊನೆಯಲ್ಲಿ ಗಂಡನ ಕತ್ತು, ಅತ್ತೆಯ ಕತ್ತರಿ. ಬಾಗಿದರೆ ಉಪ್ಪು ತಿನ್ನಿಸಿದ ದೇವರುಗಳ ಎದುರು ಸುಳ್ಳು ಹೇಳಿದ ಹಾಗೆ.

ಅವಳು ಹಾಡಿದಳು. ಹಾಡು ಮುಗಿಯಿತು. ಏನು ಮಾಡಬೇಕೆಂದು ಕೊನೆಯ ಸಾಲಿನವರೆಗೂ ತೀರ್ಮಾನವಾಗಿರಲಿಲ್ಲ. ಅಷ್ಟರಲ್ಲಿ ಮೊಣಕಾಲು ಕುಸಿದವು. ಸೊಂಟದ ಗಂಟೆಗಳು ಝಲ್ಲೆಂದವು, ಹಣೆ ನೆಲಕ್ಕೆ ಬಡಿಯಿತು. ಕೋಣೆಯಲ್ಲಿದ್ದವರೆಲ್ಲ ಅದನ್ನು ಒಪ್ಪಿಗೆಯೆಂದು ತಿಳಿದು ತಾವೂ ಬಾಗಿದರು.

ಮೊದಲು ತಿನ್ನಬೇಕಾದವನು ಜಾಲಫುನ್. ಅವನು ತುಂಡೊಂದನ್ನು ಕೊಯ್ದು ಬಾಯಿಗಿಟ್ಟ. ಅಗಿಯುತ್ತಿದ್ದವನು ನಿಲ್ಲಿಸಿದ. ತೆಶೂನ್ ಕಣ್ಣು ಮುಚ್ಚಿಕೊಂಡಿದ್ದ. ಲಿಂಗ್‌ಶು ನೆಲದಿಂದ ತಲೆ ಎತ್ತಿರಲಿಲ್ಲ, ಆದರೆ ಅಗಿಯುವ ಸದ್ದು ನಿಂತದ್ದು ಅವಳಿಗೆ ಕೇಳಿಸಿತು. ಆಮೇಲೆ ಅದು ಮತ್ತೆ ಶುರುವಾಯಿತು. ಮೊದಲಿಗಿಂತ ನಿಧಾನವಾಗಿ.

ಅವನು ಎರಡನೆಯ ತುಂಡು ಕೊಯ್ದುಕೊಂಡ.

ಆ ಮನುಷ್ಯ ಎರಡನೆಯ ತುಂಡು ತಿಂದದ್ದನ್ನು ಅರಮನೆಯಲ್ಲಿ ಯಾರೂ ಕಂಡಿರಲಿಲ್ಲ. ಮೂರನೆಯದನ್ನು ಕತ್ತಿಯ ತುದಿಯಲ್ಲಿ ಹಿಡಿದುಕೊಂಡೇ ಈ ಹಂದಿ ಎಲ್ಲಿಯದು ಎಂದು ವಿಚಾರಿಸಿದ. ಎಂದಿನ ಕೊಟ್ಟಿಗೆಯದೇ ಎಂದು ಕೊಯ್ಯುವ ಹೆಂಗಸು ತಡವರಿಸುತ್ತ ಹೇಳಿದಳು.

"ಹಾಗಾದ್ರೆ ಇದು ಹಂದಿ ಗುಣ ಅಲ್ಲ," ಎಂದ ಜಾಲಫುನ್. "ಈವತ್ತು ದೇವರು ಮನಸಾರೆ ಒಪ್ಕೊಂಡಿದಾರೆ. ತಿನ್ನಿ, ಎಲ್ಲರೂ ತಿನ್ನಿ."

ಎಲ್ಲರೂ ತಿಂದರು. ಒಬ್ಬನೂ ಇನ್ನೊಬ್ಬನ ಮುಖ ನೋಡಲಿಲ್ಲ. ಉಪ್ಪಾಗಿದೆ ಎಂದು ಹೇಳುವವನಿಗೆ ಉಪ್ಪಿನ ಮೂಲವೂ ಗೊತ್ತಿರಬೇಕಾಗುತ್ತದೆ. ಆದ್ದರಿಂದ ಯಾರೂ ಹೇಳಲಿಲ್ಲ. ಮಾಂಸ ಮುಗಿಯಿತು. ಸಾರಿಗೆ ಬಟ್ಟಲು ಚಾಚಿದರು. ತಳದಲ್ಲಿ ನೆನೆದು ಮುದ್ದೆಯಾಗಿದ್ದ ಕಾಗದವನ್ನು ಒಬ್ಬ ಪಹರೆಯವನು ಚರ್ಮದ ತುಂಡಿನ ಜತೆ ನುಂಗಿದ್ದನ್ನೂ ಲಿಂಗ್‌ಶು ಕಂಡಳು. ಸಿಡಿಲು ಬೀಳುತ್ತದೆ ಎಂದು ಅವಳು ಕಾಯುತ್ತಿದ್ದಳು. ಹೊರಗೆ ಬಿಸಿಲು ಬಂತು, ಅಷ್ಟೇ. ಹೊಸ್ತಿಲ ಹತ್ತಿರ ಒಬ್ಬ ತೃಪ್ತಿಯಿಂದ ತೇಗಿದ.

ಉಪ್ಪು ಬಿದ್ದದ್ದಕ್ಕಿಂತ ಆ ತೇಗು ತನಗೆ ಹೆಚ್ಚು ಆಘಾತ ಕೊಟ್ಟಿತು ಎಂದು ಅವಳು ಹೇಳುತ್ತಿದ್ದಳು.

ಮನೆಗೆ ಬಂದಾಗ ಅತ್ತೆ ಕೆಳಗೆ ಬೆಂಕಿ ಹಾಕಿ ಕಾಯಿಸುವ ಕಾಂಗ್ ಜಗಲಿಯ ಬೆಚ್ಚಗಿನ ಇಟ್ಟಿಗೆಯ ಮೇಲೆ ಕೂತು ಉದ್ದ ಕೊಳವೆಯಲ್ಲಿ ಹೊಗೆ ಸೇದುತ್ತಿದ್ದಳು. ತೆಶೂನ್ ಮುಂಚೆಯೇ ಬಂದು ಕುದುರೆಗೆ ನೀರು ತೋರಿಸುವ ನೆಪದಲ್ಲಿ ಅಂಗಳದಲ್ಲೇ ಉಳಿದಿದ್ದ. ಅವರ ಮನೆಯ ಕುದುರೆ ಸತ್ತು ಎರಡು ವರ್ಷವಾಗಿತ್ತು. ಲಿಂಗ್‌ಶು ತೋಳಿನಿಂದ ಕಾಗದ ತೆಗೆದು ಅತ್ತೆಯ ಮುಂದಿಟ್ಟಳು. ಮುದುಕಿ ಅದನ್ನು ನೋಡಿದಳು. ಕೊಳವೆ ಬಾಯಿಂದ ತೆಗೆಯಲಿಲ್ಲ.

"ಯಾವನು ಬೀಳಿಸಿದ?" ಎಂದು ಕೇಳಿದಳು.

"ಬೀಳಿಸಿದ್ದು ನಿಮ್ಮ ಮಗ. ಕತ್ತರಿಸಿದ್ದು ಯಾರು ಅತ್ತೆ?"

"ಕತ್ತರಿ ಯಾರದ್ದು ಅಂತ ನಿಂಗೆ ಗೊತ್ತಲ್ಲ, ಮತ್ತೆ ಕೇಳ್ತೀಯಾ."

ಆಮೇಲೆ ಅವಳು ಹೇಳಿದ್ದನ್ನು ಲಿಂಗ್‌ಶು ನಿಂತುಕೊಂಡೇ ಕೇಳಿದಳು. ಕಂಬಕ್ಕೆ ಕತ್ತರಿಸಿದ ಕಾಗದದಲ್ಲಿ ಮಿಕ್ಕದ್ದನ್ನು ಮುದುಕಿ ಎಂದೂ ಸುಟ್ಟಿರಲಿಲ್ಲ. ಕರಿ ರಸದಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ, ಮತ್ತೆ ನೆನೆಸಿ ಒಣಗಿಸಿ, ಮಡಿಸಿ ಪಹರೆಯವರಿಗೆ ಹಂಚುತ್ತಿದ್ದಳು. ತಿಂಗಳಿಗೊಮ್ಮೆ ಒಳಕೋಣೆಯ ಬಾಗಿಲು ಹಾಕಿಕೊಂಡು ದೇವರ ಕೆಲಸ ಎಂದು ಹೇಳುತ್ತಿದ್ದದ್ದು ಇದನ್ನೇ. ಅಂಗಳದ ತುಂಬ ಸೋಯಾ ಜಾಡಿಗಳಿರುವ ಮನೆಯಲ್ಲಿ ವಾಸನೆಯಿಂದ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ಅವಳಿಗೆ ಇದನ್ನು ಕಲಿಸಿದ್ದು ಅವಳ ಅತ್ತೆ. ಆಕೆಗೆ ಆಕೆಯ ಅತ್ತೆ. ಹಾಡು, ತಮಟೆ, ಗಂಟೆಪಟ್ಟಿಯ ಜತೆಗೆ ಇದೂ ಇಳಿದು ಬಂದದ್ದು. ಸೊಸೆಯ ಭಕ್ತಿ ಸ್ವಲ್ಪ ಆರಲಿ, ಆಮೇಲೆ ಹೇಳಿದರಾಯಿತು ಎಂದು ಮುದುಕಿ ಕಾದಿದ್ದಳು. ಅದು ಆರಲೇ ಇಲ್ಲ.

ಲಿಂಗ್‌ಶು ತಾನು ಗೋಡೆಗೆ ಮುಖ ಮಾಡಿ ಅತ್ತ ದಿನಗಳನ್ನು ನೆನಪಿಸಿದಳು. ಆಗಲೂ ಪಹರೆಯವರ ತೋಳಿನಲ್ಲಿ ಇದು ಇತ್ತೇ ಎಂದು ಕೇಳಿದಳು. ಮುದುಕಿ ಇತ್ತು ಎಂದಳು.

"ನನ್ನ ಕಣ್ಣೀರಿಗೂ ಜಾಗ ಇರ್ಲಿಲ್ಲ ಅಲ್ಲಿ," ಎಂದಳು ಲಿಂಗ್‌ಶು.

"ಕಣ್ಣೀರು ಹಂಡೆಗೆ ಬೀಳತ್ತೆ. ಕಾಗದ ಬಟ್ಟಲಿಗೆ ಬೀಳತ್ತೆ. ಹಂಡೆ ದೇವರದ್ದು, ಬಟ್ಟಲು ಮನುಷ್ಯರದ್ದು. ಅಷ್ಟೂ ತಿಳಿಯಲ್ವಾ ನಿಂಗೆ?" ಮುದುಕಿ ಕೊಳವೆಯನ್ನು ಇಟ್ಟಿಗೆಗೆ ಬಡಿದು ಬೂದಿ ಉದುರಿಸಿದಳು. "ಚೂರೂ ಉಳಿಸ್ಬಾರ್ದು ಅಂತ ನೇಮ ಮಾಡಿದೋರು ಒಂದು ದಿನ ಕೂತು ತಿಂದು ನೋಡಿದ್ರಾ? ನಮ್ಮತ್ತೆ ಕಾಲ್ದಲ್ಲಿ ಒಬ್ಬ ದೇವರ ಮುಂದೇನೇ ವಾಂತಿ ಮಾಡ್ದ. ಅವನ ಮನೇಲಿ ಈಗ ದೀಪ ಹಚ್ಚೋರಿಲ್ಲ."

ಅಂಗಳದಿಂದ ತೆಶೂನ್‌ನ ದನಿ ಬಂತು. ಅರಮನೆ ಅನ್ನ ತಿಂದಿದ್ದೀವಿ ಅಂತ ಎಲ್ಲರೂ ಅಂತಾರೆ, ಅರಮನೆ ಉಪ್ಪು ತಿಂದಿದ್ದೀವಿ ಅಂತ ಮಾತ್ರ ಯಾರೂ ಅನ್ನಬಾರದು ಎಂದು ಅವನು ಗೋಡೆಗೆ ಹೇಳಿದ. ತಾಯಿ ಅವನಿಗೆ ಬಾಯಿ ಮುಚ್ಚಿಕೊಂಡು ಇಲ್ಲದ ಕುದುರೆಗೆ ನೀರು ಕುಡಿಸು ಎಂದಳು.

ಲಿಂಗ್‌ಶು ತಾನು ಆ ಕಾಗದವನ್ನು ಮುಟ್ಟುವುದಿಲ್ಲ ಎಂದು ಹೇಳಿ ಒಳಗೆ ಹೋದಳು. ಅಂದು ಊಟ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ಹಂಡೆಯನ್ನು ತಾನೇ ಬೂದಿ ಹಾಕಿ ತಿಕ್ಕಿದಳು. ಹಂಡೆ ತಿಕ್ಕುವುದು ಹಾಡಮ್ಮನ ಕೆಲಸವಲ್ಲ. ಕೊಯ್ಯುವ ಹೆಂಗಸರು ಬಾಯಿ ಬಿಟ್ಟು ನೋಡಿದರು. ಹೊಸ ನೀರು, ಹೊಸ ಹಂದಿ. ಸಾರು ತಿಳಿಯಾಗಿಯೇ ಉಳಿಯಿತು. ಪಹರೆಯವರು ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಜ್ವರವೆಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದವರೂ ಇದ್ದರು. ಎಲ್ಲರಿಗಿಂತ ಮುಂದೆ ಜಾಲಫುನ್ ಕೂತಿದ್ದ. ಋತುವಿಗೊಮ್ಮೆ ಬಂದರೆ ಹೆಚ್ಚು ಎನ್ನುವ ಅಧಿಕಾರಿ ಮರುದಿನವೇ ಬಂದಿದ್ದ. ನಿನ್ನೆಯ ಲೆಕ್ಕ ಚುಕ್ತಾ ಮಾಡಲು ಬಂದಿದ್ದಾನೆ ಎಂದುಕೊಂಡಳು.

ಅವನು ತುಂಡನ್ನು ಬಾಯಿಗಿಟ್ಟ. ಮುಖ ಸಣ್ಣದಾಯಿತು. ಹೇಗೋ ನುಂಗಿದ. ಹೋಗುವಾಗ ಕಂಬದ ಮರೆಯಲ್ಲಿ ಅವಳ ಹತ್ತಿರ ನಿಂತು, ಬೇರೆಯವರಿಗೆ ಕೇಳದಷ್ಟು ಮೆತ್ತಗೆ ಮಾತಾಡಿದ.

"ಹಾಡಮ್ಮ, ನಿನ್ನೆ ಹಾಗೇ ದಿನಾ ಬೇಯ್ಲಿ. ಏನು ಬೇಕೋ ಹಂಡೆಗೆ ಹಾಕು, ನಾನು ಕೇಳಲ್ಲ. ಈ ವಾರದಲ್ಲೇ ಅಪ್ಪಣೆ ಬರೆಸ್ತೀನಿ. ದೇವರಿಗೆ ಹಿಡಿಸಿದ್ದನ್ನ ನಿಲ್ಲಿಸ್ಬಾರ್ದು."

ಅವನ ಮುಖದಲ್ಲಿ ಬೆದರಿಕೆ ಇರಲಿಲ್ಲ. ಹಸಿವಿತ್ತು. ಅಡುಗೆಯವನೊಬ್ಬನನ್ನು ಸಂಸಾರ ಸಮೇತ ಗಡಿಗೆ ಅಟ್ಟಿದವನು, ಉಪ್ಪನ್ನು ದೇವರ ಹಂಡೆಗೇ ಹಾಕು ಎಂದು ಹೇಳುತ್ತಿದ್ದಾನೆ. ಗಾಡಿಯಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳಂತೆ, ಏನೋ ಹೊರಗೆ ಬಿದ್ದುಬಿಡುತ್ತದೆ ಎನ್ನುವ ಹಾಗೆ.

ಜಾಲಫುನ್ ಹೇಳಿದ್ದನ್ನು ಕೇಳಿ ಈ ಬಾರಿ ಅತ್ತೆಯ ಕೊಳವೆ ಬಾಯಿಂದ ಹೊರಗೆ ಬಂತು. ಇಷ್ಟು ವರ್ಷ ತೋಳುಗಳ ಒಳಗಿದ್ದದ್ದು ಅಪ್ಪಣೆಯಾಗಿ ಹೊರಬಿದ್ದರೆ ದೇವರ ಪಾಲಿಗೂ ಉಪ್ಪು ಬೀಳುತ್ತದೆ. ಹೇಗೂ ಅಪ್ಪಣೆಯಾಗಿದೆಯೆಂದು ನಾಳೆ ಶುಂಠಿ, ನಾಡಿದ್ದು ಬೆಳ್ಳುಳ್ಳಿ. ಆಮೇಲೆ ಹಾಡಮ್ಮನಾದರೂ ಏಕೆ, ಒಬ್ಬ ಅಡುಗೆಯವನು ಸಾಕು. ಮುದುಕಿ ಇದನ್ನೆಲ್ಲ ಸೊಸೆಗಲ್ಲ, ತನಗೇ ಹೇಳಿಕೊಂಡಂತೆ ಹೇಳಿದಳು. ಕೊನೆಗೆ ದಿಂಬಿನ ಕೆಳಗಿನಿಂದ ಮುಕ್ಕಾದ ಕತ್ತರಿಯನ್ನು ತೆಗೆದು ಸೊಸೆಯ ಕಡೆಗೆ ಸರಿಸಿದಳು.

"ಹಂಡೆ ಉಳೀಬೇಕಾದ್ರೆ ಕಾಗದ ನೆನೀಬೇಕು ಕಣೇ. ನಾನೂ ಒಂದ್ಸಲ ಮುಟ್ಟಲ್ಲ ಅಂದಿದ್ದೆ."

ಲಿಂಗ್‌ಶು ಕತ್ತರಿ ಎತ್ತಿಕೊಂಡಳು. ಕರಿ ರಸದ ಜಾಡಿಯನ್ನು ಒಳಕೋಣೆಗೆ ಒಯ್ದಳು. ಬಾಗಿಲು ಹಾಕಿಕೊಂಡಳು.

ವಾರ ಮುಗಿಯುವ ಮೊದಲು ಅವಳು ದೇವರ ಮನೆಯ ಹೊಸ್ತಿಲ ಹೊರಗೆ ಜಾಲಫುನ್‌ಗೆ ಮಂಡಿಯೂರಿ ವಂದಿಸಿ, ಎರಡೂ ಕೈಯಲ್ಲಿ ಮಡಿಸಿದ ಕಂದು ಕಾಗದವೊಂದನ್ನು ಹಿಡಿದಳು. ಧಣಿ ಕತ್ತಿ ಒರೆಸಿಕೊಳ್ಳುವುದಕ್ಕೆ ಎಂದಳು. ಒರೆಸಿದ ಮೇಲೆ ಬಟ್ಟಲಲ್ಲಿಟ್ಟು ಸಾರು ಹಾಕಿಸಿಕೊಂಡರೆ ಶುಚಿ, ಹಂಡೆಗೆ ಏನೂ ಬೇಕಾಗಿಲ್ಲ ಎಂದಳು. ಅವನು ಕಾಗದವನ್ನು ಮೂಗಿಗೆ ಹಿಡಿದ. ಬಹಳ ಹೊತ್ತು ಅವಳನ್ನೇ ನೋಡಿದ. ಮೊನ್ನೆ ಶೋಧಿಸಿದ್ದು ಏನನ್ನು, ಅದು ಎಲ್ಲಿ ಹೋಯಿತು ಎಂಬುದು ಆ ಮುಖದಲ್ಲಿ ಒಂದೊಂದಾಗಿ ಕೂಡಿಕೊಳ್ಳುವುದು ಅವಳಿಗೆ ಕಾಣುತ್ತಿತ್ತು. ವಿಚಾರಣೆಯ ಕರೆ ಬರುವುದಿದ್ದರೆ ಈಗಲೇ, ಇಲ್ಲೇ. ಅವನು ಕಾಗದವನ್ನು ತನ್ನ ತೋಳಿನೊಳಗೆ ಇಟ್ಟುಕೊಂಡು ಹೊಸ್ತಿಲು ದಾಟಿದ. ಅಪ್ಪಣೆ ಬರಲಿಲ್ಲ. ಶೋಧವೂ ಮತ್ತೆ ನಡೆಯಲಿಲ್ಲ.

ಮುಂದಿನ ವರ್ಷದ ಚಳಿಗಾಲದಲ್ಲಿ ಸಿಂಹಾಸನವೇ ಹೋಯಿತು. ಬಾಲಚುಕ್ಕಿಯ ಮಾತು ನಿಜವಾಯಿತು ಎಂದು ಪೇಟೆಯವರು ಹೇಳಿಕೊಂಡರು. ಉಪ್ಪು ಬಿದ್ದ ಬೆಳಿಗ್ಗೆಯೇ ಅದು ಹೋದದ್ದು ಎಂದು ಲಿಂಗ್‌ಶುವಿಗೆ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ರಾಜ್ಯವಿಲ್ಲದ ಹುಡುಗ ಚಕ್ರ‍ವರ್ತಿಯನ್ನು ಅರಮನೆಯ ಹಿಂಭಾಗದಲ್ಲಿ ಇರಗೊಟ್ಟರು. ದೇವರ ಮನೆಯಲ್ಲಿ ಹಂದಿ ಬೇಯುತ್ತಲೇ ಇತ್ತು. ಅತ್ತೆ ತೀರಿಕೊಂಡಳು. ತೆಶೂನ್‌ನ ಬೆನ್ನ ಮೇಲಿನ ಮಂಚು ಜಡೆ ಹೋಯಿತು, ಆಮೇಲೆ ಪಹರೆಯ ಕೆಲಸ ಹೋಯಿತು, ಕೊನೆಗೆ ಅವನೂ ಹೋದ. ಅವಳು ಹೇಸರಗತ್ತೆಯ ಗಾಡಿ ಇಲ್ಲದ್ದರಿಂದ ನಡೆದೇ ಹೋಗುತ್ತಿದ್ದಳು. ಹೊಸ್ತಿಲ ಹೊರಗೆ ತೋಳುಗಳನ್ನು ಕೊಡವುವ ಮೊದಲು ಕಾಗದಗಳನ್ನು ಹಂಚಿಬಿಡುತ್ತಿದ್ದಳು. ಹಂಡೆಯ ಹತ್ತಿರ ಹುಬ್ಬಿಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಬಿಡಲಿಲ್ಲ. ತನ್ನ ಪಾಲಿನ ಮಾಂಸವನ್ನು ಉಪ್ಪಿಲ್ಲದೆಯೇ ತಿಂದಳು. ಆ ಕೋಣೆಯಲ್ಲಿ ಹಾಗೆ ತಿನ್ನುವವಳು ತಾನೊಬ್ಬಳೇ ಎಂದು ಈಗ ಅವಳಿಗೆ ಗೊತ್ತಿತ್ತು.

ಆಮೇಲೊಂದು ಚಳಿಗಾಲದ ಆರಂಭದಲ್ಲಿ ಬಂದೂಕಿನ ಸಿಪಾಯಿಗಳು ಬಂದು ಒಳಗಿದ್ದವರನ್ನೆಲ್ಲ ಆ ದಿನವೇ ಹೊರಡಿ ಎಂದರು. ಲಿಂಗ್‌ಶು ಒಲೆಗೆ ಬೆಂಕಿ ಹಾಕಿ ನೀರು ಕಾಯಲು ಇಟ್ಟಿದ್ದಳು. ಅದನ್ನು ಹಾಗೇ ಬಿಟ್ಟು ಉತ್ತರದ ಬಾಗಿಲಿಗೆ ನಡೆಯಬೇಕಾಯಿತು. ಅಲ್ಲಿ ಗಂಟುಗಳನ್ನು ಬಿಚ್ಚಿ ನೋಡುತ್ತಿದ್ದರು. ಈ ಬಾರಿ ಹೆಂಗಸರನ್ನೂ ಬಿಡಲಿಲ್ಲ. ದಕ್ಷಿಣದ ಕಡೆಯ ಮಾತಿನ ಒಬ್ಬ ಸಿಪಾಯಿ ಅವಳ ಗಂಟಿನಿಂದ ತಮಟೆ ತೆಗೆದಿಟ್ಟ. ಗಂಟೆಪಟ್ಟಿ ತೆಗೆದಿಟ್ಟ. ಅರಮನೆಯ ಸೊತ್ತು ಎಂದ. ತಳದಲ್ಲಿದ್ದ ಕಂದು ಕಾಗದದ ಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದ, ಮೂಸಿದ, ನಾಲಗೆಯ ತುದಿಗೆ ಮುಟ್ಟಿಸಿದ.

"ಏನಜ್ಜಿ ಇದು, ಉಪ್ಪಾ?"

ಅವಳು ಹೌದೆಂದು ತಲೆಯಾಡಿಸಿದಳು. ಆ ಬಾಗಿಲಿನೊಳಗೆ ಒಬ್ಬರು ಅದನ್ನು ಉಪ್ಪು ಎಂದು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ಅವನು ನಕ್ಕು ಕಟ್ಟನ್ನು ಅವಳ ಕೈಗೇ ಹಾಕಿದ. ಒಳಗೆ ಒಲೆಯ ಮೇಲೆ ನೀರು ಕುದಿಯುತ್ತಿರುವ ದೊಡ್ಡ ಹಂಡೆ ಸಿಕ್ಕಿದೆ, ತಮ್ಮ ತುಕಡಿಗೆಲ್ಲ ಅದರಲ್ಲೇ ಅಡುಗೆಗೆ ಇಡುತ್ತಿದ್ದಾರೆ ಎಂದು ಪಕ್ಕದವನಿಗೆ ಹೇಳಿದ. ಆಮೇಲೆ ಅವಳ ಕಡೆ ತಿರುಗಿದ.

"ನೀನೇ ಇಟ್ಕೊ ಅಜ್ಜಿ. ನಮ್ಹತ್ರ ಉಪ್ಪು ಬೇಕಾದಷ್ಟಿದೆ."